ಹಸಿ ಸುಣ್ಣದ ಗೆರೆ

“ಗುರುಗಳೇ, ಅನ್ನ ಕೊಟ್ಟ ಯಜಮಾನನಿಗೇ ತಿರುಗಿ ನಿಲ್ಲುವವನು ಉಂಡ ಮನೆಗೆ ಎರಡು ಬಗೆದಂತಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಹೆಂಚು ಸಾಗಿಸುವ ಅವನ ಹಾಯಿಹಡಗನ್ನು ನಡೆಸಲು ಒಬ್ಬ ತಾಂಡೇಲನಿದ್ದ, ಕೈಕೆಳಗೆ ಹನ್ನೊಂದು ಮಂದಿ ಖಲಾಸಿಗಳಿದ್ದರು. ತಾಂಡೇಲ ಹಡಗಿನ ಹೊರಮೈಗೆ ಎಣ್ಣೆ ಬೆರೆಸಿದ ಸುಣ್ಣದಿಂದ ಒಂದು ಗೆರೆ ಎಳೆದಿದ್ದ. ಸರಕು ಹೇರಿದಂತೆ ಹಡಗು ತಗ್ಗುತ್ತದೆ. ನೀರು ಗೆರೆ ಮುಟ್ಟಿದ ಮೇಲೆ ಒಂದೇ ಒಂದು ಹೆಂಚನ್ನೂ ಏರಿಸುವಂತಿರಲಿಲ್ಲ.

ಒಮ್ಮೆ ತಾಂಡೇಲ ಮಗಳ ಮನೆಗೆ ಹೋಗಿ ಮೂರು ದಿನದ ಮೇಲೆ ಬಂದ. ಹಡಗಿನಲ್ಲಿ ಹೆಂಚು ಗುಡ್ಡೆ ಬಿದ್ದಿತ್ತು. ಆದರೂ ಗೆರೆ ನೀರಿನ ಮೇಲೇ ಇತ್ತು. ಅನುಮಾನ ಬಂದು ಮುಟ್ಟಿ ನೋಡಿದ. ಬೆರಳಿಗೆ ಹಸಿ ಸುಣ್ಣ ಮೆತ್ತಿತು. ಹಳೆಯ ಗೆರೆ ಕೆರೆದು, ಒಂದು ಮೊಳ ಮೇಲೆ ಹೊಸದನ್ನು ಎಳೆಸಿದ್ದ ಯಜಮಾನ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ! ತಾಂಡೇಲನ ಮೈಯೆಲ್ಲ ಉರಿಯಿತು.

“ಹೆಂಚು ಇಳಿಸಿ” ಎಂದು ಯಜಮಾನನಿಗೆ ಹೇಳಿದ.

“ಗೆರೆ ಕಾಣುತ್ತಿದೆಯಲ್ಲೋ, ಇನ್ನೇನು ನಿನ್ನ ತಕರಾರು? ಹೊರಡು.”

“ಗೆರೆ ಮೇಲೆ ಹೋಯಿತೆಂದು ಕಡಲೇನು ಕೆಳಗೆ ಹೋಗುತ್ತದೆಯೇ, ಒಡೆಯಾ?”

ತಾಂಡೇಲ ಚುಕ್ಕಾಣಿಯ ಹಿಡಿಯನ್ನು ಕಳಚಿ, ಹೆಗಲ ಮೇಲಿಟ್ಟುಕೊಂಡು ದಂಡೆಗೆ ಇಳಿದುಬಿಟ್ಟ. ಒಬ್ಬ ತಾಂಡೇಲ ತಾನಾಗಿ ಹಿಡಿ ಒಪ್ಪಿಸದ ಹೊರತು ಆ ಹಡಗಿಗೆ ಇನ್ನೊಬ್ಬ ತಾಂಡೇಲ ಕಾಲಿಡಬಾರದು ಎಂಬುದು ಆ ಊರಿನ ಕಟ್ಟಳೆ. ವ್ಯಾಪಾರಿಗೆ ಅದು ಗೊತ್ತಿತ್ತು.

“ಹಡಗು ನನ್ನದು, ಹೆಂಚು ನನ್ನದು. ಹಿಡಿ ಕೊಡು. ಇಲ್ಲವೋ, ನಾಳೆಯಿಂದ ನಿನಗೆ ಕೆಲಸವಿಲ್ಲ!”

“ಹಡಗು ನಿಮ್ಮದು, ಹೆಂಚು ನಿಮ್ಮದು. ಹನ್ನೊಂದು ಜೀವ ನಿಮ್ಮದಲ್ಲ. ಕೆಲಸ ಬಿಡಿಸಿ, ಒಡೆಯಾ. ಹೆಂಚು ಇಳಿಯುವ ತನಕ ನನ್ನ ಹೆಗಲಿಂದ ಹಿಡಿ ಇಳಿಯದು.”

ಬಿಸಿಲು ನೆತ್ತಿಗೇರಿತು. ತಾಂಡೇಲ ನಿಂತೇ ಇದ್ದ. ಕೊನೆಗೆ ವ್ಯಾಪಾರಿ ಹಲ್ಲು ಕಡಿಯುತ್ತ ಹೆಂಚು ಇಳಿಸಿದ. ಹಳೆಯ ಗೆರೆಯ ಗುರುತು ನೀರಿನ ಮೇಲೆ ಬಂದ ಬಳಿಕ ತಾಂಡೇಲ ಹಿಡಿಯನ್ನು ವ್ಯಾಪಾರಿ ಕರೆಸಿದ ಹೊಸ ತಾಂಡೇಲನ ಕೈಗೆ ಕೊಟ್ಟು, ಕೆಲಸ ಕಳೆದುಕೊಂಡು ಮನೆಗೆ ನಡೆದ.

ಆ ಸಲ ಕಡಲು ಕೆರೆಯಂತಿತ್ತು. ಒಂದು ಬಿರುಗಾಳಿಯೂ ಏಳಲಿಲ್ಲ. ಬೇರೊಬ್ಬ ವ್ಯಾಪಾರಿಯ ಹಡಗು ಎರಡರಷ್ಟು ಹೇರಿಕೊಂಡು ಹೋಗಿ ಸುಖವಾಗಿ ಮರಳಿತು. ಊರಿಗೆ ಬಂದ ಹನ್ನೊಂದು ಖಲಾಸಿಗಳಿಗೆ ಅದೇ ಮಾತು. ಊರವರ ಬಲೆ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ತಾಂಡೇಲ ದಂಡೆಯಲ್ಲಿ ಕಂಡರೆ ಸಾಕು, “ಬಂದ ನೋಡ್ರೋ, ಗೆರೆ ತಾಂಡೇಲ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ತಲೆ ತಗ್ಗಿಸದೆ ಅವರ ಮುಂದೆಯೇ ಹಾದು ಹೋಗುತ್ತಿದ್ದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಬಿರುಗಾಳಿಯೇ ಬರಲಿಲ್ಲವಲ್ಲ ಗುರುಗಳೇ! ಯಜಮಾನನನ್ನು ಎದುರು ಹಾಕಿಕೊಂಡು ಅವನು ಉಳಿಸಿದ್ದಾದರೂ ಏನು?”

ಗುರು ಹೇಳಿದರು: “ನಗುವವರು ಹನ್ನೊಂದು ಮಂದಿ ಇದ್ದರಲ್ಲ, ಒಬ್ಬನೂ ಕಡಿಮೆಯಿಲ್ಲದೆ.”