ಹೇಳದೆ ಉಳಿದ ತಕರಾರು

“ಅಜ್ಜಾರ, ನನ್ನ ನೋವು ನಂದು. ಅದನ್ನ ಯಾರಿಗೂ ಹೇಳದ ನುಂಗಿಕೊಂಡು, ನನ್ನ ಸೇವಾ ನಾ ಮಾಡಿಕೊಂಡು ಹೋದರ ಅದೂ ಒಂದು ತಪಸ್ಸಲ್ಲೇನ್ರಿ?” ಎಂದು ಶಿಷ್ಯ ಕೇಳಿದ.

ಕೇಳಿದವನ ಹೆಸರು ಶಿವಪುತ್ರ. ಕಣ್ಣು ಕಾಣದ ಗುರುಗಳನ್ನು ದಿನಾ ಬೆಳಿಗ್ಗೆ ಕೈಹಿಡಿದು ಹೊಳೆಗೆ ಇಳಿಸುವುದು ಅವನ ಸೇವೆ. ಮಠದ ಹಿಂಬಾಗಿಲಿನಿಂದ ನೀರಿನವರೆಗೆ ನಲವತ್ತೆರಡು ಕಲ್ಲಿನ ಮೆಟ್ಟಿಲು. ಮೊನ್ನೆ ಅರ್ಧ ದಾರಿಯಲ್ಲಿ ಅವನ ಕಾಲು ತಪ್ಪಿತ್ತು. ಗುರುಗಳು ಪಕ್ಕದ ಗೋಡೆಗೆ ಕೈ ಆನಿಸಿ ಹೇಗೋ ನಿಂತುಕೊಂಡಿದ್ದರು. ಪಾಚಿ ಇತ್ತು ಎಂದು ಅವನು ಹೇಳಿದ್ದ. ಬೇಸಿಗೆಯ ಕಲ್ಲು ಒಣಗಿ ಬಿಸಿಯಾಗಿದ್ದುದು ಗುರುಗಳ ಬರಿಗಾಲಿಗೆ ಗೊತ್ತಾಗಿತ್ತು. ಆದರೂ ಅವನ ಕೈ ಹಿಡಿದೇ ಉಳಿದ ಮೆಟ್ಟಿಲು ಇಳಿದಿದ್ದರು.

ಈಗ ಅವರು ಮೊದಲನೆಯ ಮೆಟ್ಟಿಲ ಮೇಲೆ ಕುಳಿತರು. ಸ್ನಾನಕ್ಕೆ ಇನ್ನೂ ಹೊತ್ತಿದೆ, ಒಬ್ಬ ಚಾಲಕನ ಕತೆ ಹೇಳುತ್ತೇನೆ, ಕೇಳು ಎಂದರು.

ಒಬ್ಬ ಲಾರಿ ಚಾಲಕನಿದ್ದ. ಗಣಿಯಿಂದ ಕಲ್ಲಿನ ಚಪ್ಪಡಿಗಳನ್ನು ಹೇರಿಕೊಂಡು ಬಂದರಿಗೆ ಮುಟ್ಟಿಸುವುದು ಅವನ ಕೆಲಸ. ದೂರದ ದಾರಿಯಾದ್ದರಿಂದ ಲಾರಿಗೆ ಇಬ್ಬರು ಚಾಲಕರು. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗುತ್ತಾನೆ. ಇವನ ಜೊತೆಗಾರ ಇವನಿಗಿಂತ ಹಿರಿಯ. ಇಬ್ಬರೂ ಹದಿನಾಲ್ಕು ವರ್ಷ ಒಂದೇ ಲಾರಿಯಲ್ಲಿ ಉಂಡು ಮಲಗಿದವರು. ಒಬ್ಬರ ಗೊರಕೆ ಅವರವರ ಹೆಂಡತಿಯರಿಗಿಂತ ಇನ್ನೊಬ್ಬರಿಗೇ ಚೆನ್ನಾಗಿ ಗೊತ್ತಿತ್ತು.

ಆ ಗಣಿಯ ಲಾರಿಯವರಲ್ಲಿ ಒಂದು ಕಟ್ಟಳೆ. ಸ್ಟೇರಿಂಗ್ ಹಿಡಿಯುವವನು ಮೊದಲು ಲಾರಿಯನ್ನು ಒಂದು ಸುತ್ತು ಬರಬೇಕು. ಟೈರಿಗೆ ಕೋಲು ಬಡಿದು ಸದ್ದು ಕೇಳಬೇಕು, ಚಪ್ಪಡಿಗಳಿಗೆ ಬಿಗಿದ ಸರಪಳಿ ಜಗ್ಗಿ ನೋಡಬೇಕು, ಬ್ರೇಕು ತುಳಿದು ನೋಡಬೇಕು. ಮಲಗಲು ಹೋಗುವವನು ಅಷ್ಟು ಹೊತ್ತು ಕೀಲಿಕೈ ಹಿಡಿದು ನಿಂತಿರುತ್ತಾನೆ. ಸುತ್ತು ಮುಗಿದ ಮೇಲೆ, “ಏನರ ತಕರಾರು ಐತೇನು?” ಎಂದು ಕೇಳುತ್ತಾನೆ. ಇದ್ದದ್ದನ್ನೆಲ್ಲ ಹೇಳಬೇಕು. ಕೀಲಿಕೈ ಆಮೇಲೆ. ತನ್ನ ಜೀವವನ್ನು ಇನ್ನೊಬ್ಬನ ಕೈಗೆ ಕೊಟ್ಟು ಕಣ್ಣು ಮುಚ್ಚುವವನಿಗೆ ಅಷ್ಟು ಕೇಳುವ ಹಕ್ಕಿದೆ ಎಂದು ಹಳಬರು ಮಾಡಿದ ಕಟ್ಟಳೆ ಅದು.

ನಮ್ಮ ಚಾಲಕ ಇದರಲ್ಲಿ ಬಲು ಕಟ್ಟುನಿಟ್ಟು. ಹಾರ್ನಿನ ದನಿ ಕೊಂಚ ಒಡೆದಿದ್ದರೂ ಹೇಳುತ್ತಿದ್ದ. ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ಕೊಂಕು ತೆಗೆಯುತ್ತೀ ಎಂದು ಜೊತೆಗಾರ ಗೇಲಿ ಮಾಡುತ್ತಿದ್ದ. ಆದರೂ ಇವನು ಓಡಿಸುವಾಗ ಅವನಿಗೆ ಬರುತ್ತಿದ್ದಂಥ ನಿದ್ದೆ ಮನೆಯಲ್ಲಿಯೂ ಬರುತ್ತಿರಲಿಲ್ಲ.

ಇಪ್ಪತ್ತು ವರ್ಷ ಸ್ಟೇರಿಂಗಿನ ಮುಂದೆ ಕುಳಿತ ಬೆನ್ನು ಎಷ್ಟು ದಿನ ತಡೆದೀತು? ಒಂದು ದಿನ ಲಾರಿಯಿಂದ ಇಳಿಯಲು ಹೋದವನು ಬಾಗಿಲು ಹಿಡಿದು ಹಾಗೇ ನಿಂತುಬಿಟ್ಟ. ನಡುವಿನಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತಾಯಿತು. ಏನಾಯಿತೆಂದು ಜೊತೆಗಾರ ಕೇಳಿದಾಗ ಕಾಲು ಜೋಮು ಹಿಡಿದಿದೆ ಎಂದ. ಮಾರನೆಯ ವಾರ ಒಬ್ಬನೇ ವೈದ್ಯರ ಬಳಿ ಹೋದ.

ವೈದ್ಯರು ಬೆನ್ನು ನೋಡಿ, ಏನು ಕೆಲಸ ಮಾಡುತ್ತೀಯೆಂದು ಕೇಳಿದರು. ಲಾರಿ ಎಂದರೆ ಓಡಿಸಬೇಡ ಎನ್ನುತ್ತಾರೆಂದು ಇವನಿಗೆ ಗೊತ್ತು. ಕಿರಾಣಿ ಅಂಗಡಿ ಎಂದ. ವೈದ್ಯರು ಮಾತ್ರೆ ಬರೆದುಕೊಟ್ಟರು. ಇದು ನೋವನ್ನು ತಗ್ಗಿಸುತ್ತದೆ, ಮಂಪರನ್ನೂ ತರುತ್ತದೆ, ಅಂಗಡಿಯಲ್ಲಿ ಕುಳಿತು ತೂಕಡಿಸಿದರೆ ಚಿಂತೆಯಿಲ್ಲ, ಆದರೆ ಇದು ಮುಗಿಯುವವರೆಗೆ ಬೈಕನ್ನೂ ಮುಟ್ಟಬೇಡ ಎಂದರು. ಇವನು ತಲೆಯಾಡಿಸಿದ.

ಮಾತ್ರೆ ತನ್ನ ಕೆಲಸ ಮಾಡಿತು. ಅದರಲ್ಲಿ ದೋಷವಿರಲಿಲ್ಲ, ಕೊಟ್ಟವರಲ್ಲಿಯೂ ಇರಲಿಲ್ಲ. ಇವನು ವೈದ್ಯರಿಂದ ಲಾರಿಯನ್ನು ಮುಚ್ಚಿಟ್ಟ, ಜೊತೆಗಾರನಿಂದ ವೈದ್ಯರನ್ನು ಮುಚ್ಚಿಟ್ಟ. ಮಾತ್ರೆಗಳಿದ್ದ ಬೇಗಡೆ ಹಾಳೆಯನ್ನು ಕ್ಯಾಬಿನ್ನಿನಲ್ಲಿದ್ದ ದೇವರ ಪಟದ ಹಿಂದೆ ಸಿಕ್ಕಿಸಿದ. ಜೊತೆಗಾರ ದಿನಾ ಬೆಳಿಗ್ಗೆ ಆ ಪಟಕ್ಕೆ ಊದುಬತ್ತಿ ಬೆಳಗಿ ಕೈಮುಗಿಯುತ್ತಿದ್ದ, ಆದರೆ ಅದನ್ನು ಎಂದೂ ಸರಿಸಿ ನೋಡಿದವನಲ್ಲ.

ಏಕೆ ಮುಚ್ಚಿಟ್ಟ? ಹೇಳಿದರೆ ನನ್ನ ಪಾಳಿಯನ್ನೂ ಅವನೇ ಓಡಿಸಲು ನಿಲ್ಲುತ್ತಾನೆ, ಪಾಪ, ಅವನಿಗೂ ವಯಸ್ಸಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಮಾತಿತ್ತು. ಬೆನ್ನು ಹೋದ ಚಾಲಕ ಎಂದು ಸುದ್ದಿ ಹಬ್ಬಿದರೆ ಯಾವ ಮಾಲೀಕನೂ ಲಾರಿ ಹತ್ತಿಸುವುದಿಲ್ಲ. ಲಾರಿ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆ ಭಯಕ್ಕೆ ಅವನು ಕರುಣೆಯ ಅಂಗಿ ತೊಡಿಸಿದ. ನಾವೆಲ್ಲರೂ ಮಾಡುವುದೇ ಅದು.

ನಾಲ್ಕು ಸಲ ಹೋಗಿ ಬಂದರು, ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಅವನಿಗೆ ಧೈರ್ಯ ಕೊಟ್ಟಿತು. ಐದನೆಯ ಸಲ ಹೊರಟಾಗ ಎಂದಿನಂತೆ ಲಾರಿಯನ್ನು ಸುತ್ತು ಬಂದ. ಮುಂದಿನ ಎಡ ಟೈರು ಸವೆದಿದೆ, ಹೋದ ಸಲದಿಂದ ಬ್ರೇಕು ಸ್ವಲ್ಪ ಎಡಕ್ಕೆ ಎಳೆಯುತ್ತಿದೆ, ಬಂದರಿನಲ್ಲಿ ತೋರಿಸೋಣ ಎಂದ. ಮತ್ತೇನಾದರೂ ಇದೆಯೇ ಎಂದು ಜೊತೆಗಾರ ಕೇಳಿದ. ಮತ್ತೇನಿಲ್ಲ ಎಂದ. ಕೀಲಿಕೈ ಅವನ ಕೈಗೆ ಬಂತು. ಜೊತೆಗಾರ ಹೊದಿಕೆ ಎಳೆದುಕೊಂಡು ಮಲಗಿದ.

ಮಧ್ಯಾಹ್ನ. ನೇರ ದಾರಿ. ಮುಂದೆ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಚಾಲಕ ನಿದ್ದೆ ಹೋಗಿರಲಿಲ್ಲ, ಅದನ್ನು ನೀನು ತಿಳಿಯಬೇಕು. ಕುರಿಗಳು ಅವನಿಗೆ ಕಂಡವು. ಕುರುಬ ಕೋಲೆತ್ತಿ ಕೂಗಿದ್ದೂ ಕಂಡಿತು. ಬ್ರೇಕು ತುಳಿಯಬೇಕೆಂದು ಮನಸ್ಸು ಹೇಳಿತು. ಕಾಲು ಅದನ್ನು ಕೇಳಿಸಿಕೊಂಡದ್ದು ಒಂದು ಉಸಿರು ತಡವಾಗಿ. ತುಳಿದ ಜೋರಿಗೆ ಲಾರಿ ಎಡಕ್ಕೆ ಹೊರಳಿ ಬೇವಿನ ಮರಕ್ಕೆ ಗುದ್ದಿತು. ಸರಪಳಿ ಹರಿದು ಎರಡು ಚಪ್ಪಡಿಗಳು ಮುಂದೆ ಜಾರಿ ಕ್ಯಾಬಿನ್ನಿನ ಹಿಂಬದಿಯನ್ನು ಒಡೆದವು. ಕುರಿಗಳು ಉಳಿದವು. ಚಾಲಕನಿಗೆ ಹಣೆಯ ಮೇಲೆ ಒಂದು ಗೀರು. ಮಲಗಿದ್ದವನ ಬೆನ್ನುಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಮೂರು ದಿನ ಜೊತೆಗಾರನಿಗೆ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ಕಣ್ಣು ತೆರೆದು, ಮಂಚದ ಬಳಿ ನಿಂತಿದ್ದ ಚಾಲಕನ ಕೈ ಹಿಡಿದುಕೊಂಡ.

“ಬ್ರೇಕ್ ಎಡಕ್ಕ ಎಳೀತೈತಿ ಅಂತ ನೀ ಹೇಳಿದ್ದಿ. ನಾನ ಅಸಡ್ಡೆ ಮಾಡಿ ಕೀಲಿಕೈ ಕೊಟ್ಟೆ. ತಪ್ಪು ನಂದು, ತಮ್ಮಾ, ನೀ ಮನಸ್ಸಿಗೆ ಹಚ್ಚಿಕೋಬ್ಯಾಡ” ಎಂದ.

ಚಾಲಕ ಅಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ತಪ್ಪೆಲ್ಲ ಬ್ರೇಕಿನ ಮೇಲೆ ಹೋಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಕಾಲಿನ ಬಲ ಕಳೆದುಕೊಂಡು ಮಲಗಿದವನು ತನ್ನಲ್ಲಿ ಕ್ಷಮೆ ಕೇಳುತ್ತಿರುವುದನ್ನು ಅವನಿಗೆ ತಾಳಲಾಗಲಿಲ್ಲ. ಒಡೆದ ಕ್ಯಾಬಿನ್ನಿನಿಂದ ತೆಗೆದು ತಂದಿದ್ದ ಮಾತ್ರೆಯ ಹಾಳೆಯನ್ನು ಜೇಬಿನಿಂದ ತೆಗೆದು ಅವನ ಅಂಗೈಯಲ್ಲಿಟ್ಟ. ಬೆನ್ನಿನ ವಿಷಯ, ವೈದ್ಯರ ಮಾತು, ದೇವರ ಪಟ, ಎಲ್ಲವನ್ನೂ ಹೇಳಿದ.

ಜೊತೆಗಾರ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಖಾಲಿಯಾದ ಒಂದೊಂದೇ ಗುಳಿಯ ಮೇಲೆ ಬೆರಳಾಡಿಸಿದ.

“ಇಷ್ಟು ಹೇಳಿದ್ದರ ಸ್ಟೇರಿಂಗ್ ನಾನ ಹಿಡೀತಿದ್ನಲ್ಲೋ” ಎಂದ.

ಬೈಯಲಿಲ್ಲ. ಬೈದಿದ್ದರೆ ಚಾಲಕನಿಗೆ ಬದುಕುವುದು ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಜೊತೆಗಾರ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಅವನು ಮತ್ತೆ ನಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಆ ಚಾಲಕ ಕೆಟ್ಟ ಮನುಷ್ಯನೇನಲ್ಲವಲ್ಲ ಎಂದು ಪಕ್ಕದಲ್ಲಿ ಕುಳಿತಿದ್ದ ಶಿವಪುತ್ರ ಮೆಲ್ಲಗೆ ಕೇಳಿದ. ಅಲ್ಲ, ಲಾರಿಯ ತಕರಾರು ಒಂದನ್ನೂ ಅವನು ಬಿಡಲಿಲ್ಲ ಎಂದರು ಗುರುಗಳು.

ಶಿಷ್ಯನ ಕೈ ಅವನಿಗೆ ಅರಿವಿಲ್ಲದೆಯೇ ಅಂಗಿಯ ಜೇಬಿಗೆ ಹೋಯಿತು. ಒಳಗೆ ಮಾತ್ರೆಯ ಹಾಳೆ ಚರಪರ ಸದ್ದು ಮಾಡಿತು. ಮಠದ ನೀರಿನ ಕೊಡಗಳನ್ನು ಹೊತ್ತು ಅವನ ನಡು ಹಿಡಿದುಕೊಂಡು ಎಂಟು ದಿನವಾಗಿತ್ತು. ಅಂದಿನಿಂದ ಪ್ರತಿ ಬೆಳಿಗ್ಗೆ ಹಿಂಬಾಗಿಲು ತೆರೆಯುವ ಮೊದಲು ಆ ಸದ್ದು ಗುರುಗಳ ಕಿವಿಗೆ ಬೀಳುತ್ತಿತ್ತು.

ಗುರುಗಳು ಎದ್ದು ಮೆಟ್ಟಿಲ ಅಂಚಿಗೆ ಬಂದು ನಿಂತರು. ಶಿವಪುತ್ರನೂ ಎದ್ದು, ಎಂದಿನಂತೆ ಕೈ ಚಾಚಿದ. ಗುರುಗಳು ತಮ್ಮ ಕೈ ಕೊಡಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ಅವನ ಕಡೆಗೆ ಮುಖ ತಿರುಗಿಸಿ ಕೇಳಿದರು:

“ಏನರ ತಕರಾರು ಐತೇನು, ಶಿವಪುತ್ರಾ?”