ಬಣ್ಣದ ಮನೆಯ ನೀಲಿ ಕಳ್ಳ

"ಕೇಳ್ರಪ್ಪೋ ಕೇಳ್ರಿ. ರಾಜಕುಮಾರಿ ಪದ್ಮಲೆ ಮೂರು ಒಗಟು ಹಾಕ್ತಾರೆ. ಬಿಡಿಸಿದವನು ಅವರ ಕೈಹಿಡಿಯಬಹುದು. ತಪ್ಪಿದವನು ಸಾಯೋವರೆಗೆ ಅರಮನೆಯ ಬಣ್ಣದ ಮನೆಯಲ್ಲಿ ಕೊಪ್ಪರಿಗೆ ಕಲಕಬೇಕು."

ಡಂಗುರ ಕೇಳಿ ಊರು ನಕ್ಕಿತು. ಕೊಪ್ಪರಿಗೆ ಕಲಕೋದೂ ಒಂದು ಶಿಕ್ಷೆಯೇ? ಮಡಿವಾಳರ ದುಗ್ಗ ಮಾತ್ರ ನಗಲಿಲ್ಲ. ಅವನ ಭಾವ ಬೈರಣ್ಣ ಅಲ್ಲೇ ದುಡಿಯುತ್ತಿದ್ದ. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಕ್ಕ ಸಿದ್ದವ್ವ ದಿನಾ ಅಳುತ್ತಿದ್ದಳು. ಗೆದ್ದವನ ಮಾತನ್ನು ಅರಸ ಕೇಳಲೇಬೇಕಲ್ಲ ಅಂತ ದುಗ್ಗ ಬಟ್ಟೆಗಂಟು ಅಲ್ಲೇ ಬಿಟ್ಟು ಅರಮನೆಗೆ ನಡೆದ.

ಅಲ್ಲಿ ಇಬ್ಬರು ಆಗಲೇ ಮೀಸೆ ತಿರುವುತ್ತ ನಿಂತಿದ್ದರು.

"ವಿಷ ಕುಡಿದಿಲ್ಲ, ಚಳಿಯಿಲ್ಲ, ಆದರೂ ತುಟಿ ನೀಲಿ. ಯಾವ ಕಳ್ಳನ ಕೆಲಸ?" ಪದ್ಮಲೆ ಕೇಳಿದಳು.

"ನೇರಳೆಹಣ್ಣು" ಅಂದ ದಳವಾಯಿಯ ಮಗ. ಭಲೇ ಬುದ್ಧಿವಂತ, ನೆಟ್ಟಗೆ ಬಣ್ಣದ ಮನೆಗೆ ಹೋದ.

"ಬಾಯಿಂದ ಹೋಗದೆ ಮೈ ಸೇರ್ತಾನೆ, ಬಾಗಿಲು ಹಾಕಿದ್ರೂ ಮನೆ ಸೇರ್ತಾನೆ. ಯಾರು?"

"ಮನ್ಮಥ" ಅಂತ ಸೆಟ್ಟರ ಮಗ ಹಲ್ಲು ಕಿರಿದ. ಅವನೂ ಹೋದ.

ದುಗ್ಗನ ಸರದಿ ಬಂತು. "ಮೊದಲೆರಡೂ ನಿನಗೇ ಉಳಿದಿವೆ. ಮೂರನೇದು ಕೇಳು. ಇವತ್ತು ಬಿತ್ತಿದರೆ ಎಷ್ಟೋ ವರ್ಷಕ್ಕೆ ಕೆಂಪು ಫಸಲು. ಬಿತ್ತಿದವನು ಮರೆತಿರ್ತಾನೆ, ಬೆಳೆ ಮರೆಯೋದಿಲ್ಲ."

ದುಗ್ಗ ಕೈಮುಗಿದ. "ತಾಯಿ, ಮೂರಕ್ಕೂ ಕಳ್ಳ ಒಬ್ಬನೇ. ಕಲ್ಲಿದ್ದಲಿನ ಕಪ್ಪು ಕೀಲೆಣ್ಣೆಯಿಂದ ಇಳಿಸ್ತಾರಲ್ಲ, ಆ ಬಣ್ಣದೆಣ್ಣೆ. ಅದು ಮೈಮೇಲೆ ಚೆಲ್ಲಿದ ದಿನ ಭಾವನ ತುಟಿ ನೀಲಿ ಆಗ್ತದೆ, ಉಸಿರು ಸಾಲೋದಿಲ್ಲ. ಚರ್ಮದಿಂದಲೇ ಒಳಗಿಳೀತದೆ. ಉಟ್ಟ ಬಟ್ಟೆಯಲ್ಲಿ ಕೂತು ಮನೆಗೂ ಬರ್ತದೆ. ಆ ಬಟ್ಟೆ ಒಗೆದ ದಿನ ನನ್ನ ತಲೆಯೂ ಸಿಡೀತದೆ. ಕೆಂಪು ಫಸಲು ಅಂದ್ರೆ, ಹಳಬರ ಮೂತ್ರದಲ್ಲಿ ಬೀಳೋ ರಕ್ತ. ಕೆಲಸ ಬಿಟ್ಟು ಎಷ್ಟೋ ಕಾಲದ ಮೇಲೆ ಮೂತ್ರಕೋಶದಲ್ಲಿ ಗಡ್ಡೆ ಏಳ್ತದೆ. ನಮ್ಮ ದಡ್ಡತನವೂ ಉಂಟು. ಬಣ್ಣದ ಕೈ ತೊಳೆದರೆ ಲಕ್ಷ್ಮಿ ಹೋಗ್ತಾಳೆ ಅಂತ ಕೇರಿಯವರು ಹಾಗೇ ಉಣ್ತಾರೆ."

ಪದ್ಮಲೆಯ ಕಣ್ಣು ತುಂಬಿತು. "ನನ್ನ ದಾದಿಯ ಗಂಡ ಹಾಗೇ ಹೋದ. ಈ ಒಗಟು ಹುಟ್ಟಿದ್ದು ಅವನ ಸಾವಿನಿಂದಲೇ, ಉತ್ತರವೂ ಇದೇ. ಅಪ್ಪನಿಗೆ ಇದನ್ನು ಕಂಡವರ ಬಾಯಿಂದಲೇ ಕೇಳಿಸಬೇಕಿತ್ತು."

ಅರಸ ಹೆಗಲ ಮೇಲಿನ ಹೊಳೆಯುವ ಶಲ್ಯ ಮುಟ್ಟಿ ನೋಡಿಕೊಂಡ. ಅದಕ್ಕೆ ಹಾಕಿದ್ದೂ ಅದೇ ಬಣ್ಣ. ತೆಗೆದು ಕೆಳಗಿಟ್ಟ. "ಮಗಳನ್ನು ಗೆದ್ದೆ. ಇನ್ನೇನು ಬೇಕು, ಕೇಳಪ್ಪ."

"ಆ ಎಣ್ಣೆ ನಿಲ್ಲಲಿ. ಹಳಬರನ್ನು ವೈದ್ಯರು ಆಗಾಗ ನೋಡ್ತಿರಲಿ. ಕೆಲಸದ ಬಟ್ಟೆ ಅಲ್ಲೇ ಉಳೀಲಿ, ಮಿಂದು ಮನೆಗೆ ಹೋಗಲಿ. ಒಳಗೆ ಹೋದ ಇಬ್ಬರನ್ನೂ ಬಿಟ್ಟುಬಿಡಿ, ಪಾಪ."

ಎಲ್ಲವೂ ಆಯಿತು. ಬಣ್ಣದ ಮನೆ ಬೇರು, ತೊಗಟೆಗಳಿಂದ ತೆಗೆದ ಬಣ್ಣಕ್ಕೆ ತಿರುಗಿತು. ಮದುವೆಯ ದಿನ ಊಟಕ್ಕೆ ಮುಂಚೆ ಬೈರಣ್ಣ ಸೀಗೆಪುಡಿ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದ. ವಾರಗಟ್ಟಲೆ ತೊಳೆದು ತೊಳೆದು ಅಂಗೈಯ ಬಣ್ಣ ಅಂತೂ ಬಿಟ್ಟಿತ್ತು. ಸಿದ್ದವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ನಿಮ್ಮ ಕೈಯಲ್ಲೂ ಗೆರೆ ಇದ್ದವೇನ್ರೀ?" ಅಂದಳು. ಆಯುಷ್ಯದ ಗೆರೆಯ ಮೇಲೆ ಬೆರಳಿಟ್ಟು ಮಣಿಕಟ್ಟಿನವರೆಗೂ ನಿಧಾನಕ್ಕೆ ಎಳೆದಳು. ಎಲೆಯ ಮೇಲೆ ಹೋಳಿಗೆ ಆರುತ್ತಿತ್ತು, ಆರಲಿ ಬಿಡಿ.