ಸೊಟ್ಟ ಮರ

“ಬುದ್ಧಿ, ರಾಚಯ್ಯನನ್ನು ಮಠದಲ್ಲಿ ಏಕೆ ಇಟ್ಟುಕೊಂಡಿದ್ದೀರಿ?” ಎಂದು ಚನ್ನವೀರ ಗುರುಗಳನ್ನು ಕೇಳಿದ. “ಕೇಳಿದ್ದನ್ನೇ ಕೇಳುತ್ತಾನೆ. ಅವನಿಂದ ಪಾಠ ಮುಂದಕ್ಕೆ ಹೋಗುವುದಿಲ್ಲ. ನಿನ್ನೆಯ ವಚನಕ್ಕೆ ನಾನು ಹೇಳಿದ ಅರ್ಥವನ್ನು ತಾವೇ ಮೆಚ್ಚಿಕೊಂಡಿರಿ. ಅವನನ್ನು ಊರಿಗೆ ಕಳಿಸಿದರೆ ನಾನು ಇನ್ನೂ ಬೆಳೆಯುತ್ತೇನೆ.”

ಗುರುಗಳು ಹೇಳಿದರು:

ಉತ್ತರದ ಚಳಿಸೀಮೆಯಲ್ಲಿ ಒಬ್ಬ ರೈತ. ಅವನ ಹೊಲದಲ್ಲಿ ಎರಡೇ ಚೆಸ್ಟ್‌ನಟ್ ಮರ. ಮುಳ್ಳಿನ ಸಿಪ್ಪೆಯೊಳಗೆ ಬೀಜ ಕಟ್ಟುವ ಮರ ಅದು. ಆ ಬೀಜದ ಹಿಟ್ಟೇ ಚಳಿಗಾಲದಲ್ಲಿ ಮನೆಮಂದಿಗೆಲ್ಲ ಊಟ. ಒಂದು ಮರ ನೆಟ್ಟಗೆ ಬೆಳೆದು ದಪ್ಪ ಬೀಜ ಕೊಡುತ್ತಿತ್ತು. ಇನ್ನೊಂದು ಸೊಟ್ಟ, ಬೀಜವೂ ಸಣ್ಣ. ರೈತ ಕೊಡಲಿ ತೆಗೆದುಕೊಂಡು ಹೊರಟ.

ಹೆಂಡತಿ ತಡೆದಳು. “ಅದರ ಪಾಡಿಗೆ ಅದು ನಿಂತಿದೆ. ನಿಮ್ಮ ತಟ್ಟೆಗೇನು ಕೈ ಹಾಕಿತಾ?”

“ಗೊಬ್ಬರ ತಿನ್ನೋದಕ್ಕೆ ಮುಂದು, ಕೊಡೋದು ಬರೀ ಮುಳ್ಳು. ನೀನು ಸುಮ್ಮನಿರೇ.”

ಕಡಿದ. ಮರುವರ್ಷ ಉಳಿದ ಮರ ಎಂದಿಗಿಂತ ಹೆಚ್ಚು ಹೂ ಬಿಟ್ಟಿತು. ಕೊಂಬೆ ತುಂಬ ಮುಳ್ಳುಕಾಯಿ. “ನೋಡಿದೆಯಾ?” ಎಂದು ರೈತ ಹೆಂಡತಿಗೆ ತೋರಿಸಿದ. ದೊಡ್ಡ ಚೀಲಗಳನ್ನೇ ಹೊಲಿಸಿಟ್ಟ. ಕಾಯಿ ಉದುರಿ ಬಾಯಿ ಬಿಟ್ಟಾಗ ಒಳಗೆ ಬೀಜವಿರಲಿಲ್ಲ. ಚಪ್ಪಟೆ ಸಿಪ್ಪೆ, ಬರೀ ಜೊಳ್ಳು. ಆ ಚಳಿಗಾಲ ಬೀಸುವ ಕಲ್ಲು ಸುಮ್ಮನೆ ಕೂತಿತು. ರೈತ ಬುಡ ಅಗೆದ, ಗೊಬ್ಬರ ಸುರಿದ. ಅದರ ಮುಂದಿನ ವರ್ಷವೂ ಜೊಳ್ಳೇ.

ಕೊನೆಗೆ ಪಕ್ಕದ ಊರಿನ ಮುದುಕ ತೋಟಗಾರನನ್ನು ಕರೆತಂದ. ಮುದುಕ ಮರವನ್ನು ನೋಡಲಿಲ್ಲ, ಸುತ್ತಲ ಹೊಲ ನೋಡಿದ.

“ಇದರ ಜೊತೆಯದು ಎಲ್ಲಿ?”

“ಅದೊಂದು ದಂಡಪಿಂಡ. ಕಡಿದು ಹಾಕಿದೆ.”

“ಹಾಗಾದರೆ ಗೊಬ್ಬರ ದಂಡ ಮಾಡಬೇಡಪ್ಪ. ಈ ಮರ ತನ್ನ ಹೂವಿನ ಪರಾಗದಿಂದಲೇ ಬೀಜ ಕಟ್ಟುವುದಿಲ್ಲ. ಇನ್ನೊಂದು ಮರದ್ದು ಗಾಳಿಯಲ್ಲಿ ಬರಬೇಕು. ಆ ಮರ ಸೊಟ್ಟಗಿದ್ದರೂ ಆದೀತು.”

ರೈತ ಅಂದೇ ಒಂದು ಸಸಿ ನೆಟ್ಟ. ಅದು ಹೂ ಬಿಡುವುದಕ್ಕೆ ಇನ್ನೂ ಎಷ್ಟೋ ವರ್ಷ ಬೇಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಹೇಳಿದ: “ರೈತ ದುಡುಕಿದ, ಬುದ್ಧಿ. ಆದರೆ ರಾಚಯ್ಯನಿಂದ ನನಗೆ ಬಂದದ್ದೇನು?”

“ನಿನ್ನೆ ನಾನು ಮೆಚ್ಚಿದ ಆ ಅರ್ಥ, ಯಾರು ಕೇಳಿದ ಪ್ರಶ್ನೆಗೆ ನೀನು ಕೊಟ್ಟ ಉತ್ತರ?”